ನಮ್ಮ ಗೋದಾಮು, ಅವರ ಲೆಕ್ಕ: ಪೂರೈಕೆದಾರರೇ ದಾಸ್ತಾನು ನೋಡಿಕೊಳ್ಳುವ ಪದ್ಧತಿ

ಕುಶಾಲನಗರದ ಪಕ್ಕದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿರುವ ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ) ಘಟಕಗಳ ಗೋದಾಮುಗಳಲ್ಲಿ ಕೊಯ್ಲು ಮುಗಿಯುವ ಹೊತ್ತಿಗೆ ಚೀಲಗಳ ಅಟ್ಟಿ ಮಾಡಿನವರೆಗೆ ಏರಿರುತ್ತದೆ. ಆ ಚೀಲಗಳಲ್ಲಿ ಒಂದು ಪಾಲು ಘಟಕದ ಮಾಲೀಕರು ಖರೀದಿಸಿದ್ದಾದರೆ, ಇನ್ನೊಂದು ಪಾಲು ಬೆಳೆಗಾರರು ತಂದಿಟ್ಟು, ಬೆಲೆ ಬಂದಾಗ ಮಾರೋಣವೆಂದು ತಮ್ಮ ಹೆಸರಿನಲ್ಲೇ ಉಳಿಸಿಕೊಂಡದ್ದು. ಜಾಗ ಒಬ್ಬರದು, ಸರಕು ಮತ್ತೊಬ್ಬರದು, ಯಾವಾಗ ಮಾರಬೇಕೆಂಬ ತೀರ್ಮಾನವೂ ಸರಕಿನವರದು. ಕೊಡಗಿನಲ್ಲಿ ಈ ಏರ್ಪಾಡನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದೇ ಮೂರು ಸಂಗತಿಗಳನ್ನು, ಅಂದರೆ ಜಾಗ, ಒಡೆತನ ಮತ್ತು ತೀರ್ಮಾನಗಳನ್ನು, ಖರೀದಿಯ ಕಡೆಗೆ ತಿರುಗಿಸಿ ಬೇರೆ ಬೇರೆಯಾಗಿ ಹಂಚಿದಾಗ ಉಂಟಾಗುವ ಪದ್ಧತಿ ಮಾತ್ರ ಸಣ್ಣ ಉದ್ದಿಮೆಗಳವರಲ್ಲಿ ಬಹಳ ಗೊಂದಲ ಹುಟ್ಟಿಸುತ್ತದೆ. ಅದನ್ನು ವೆಂಡರ್ ಮ್ಯಾನೇಜ್ಡ್ ಇನ್ವೆಂಟರಿ, ಚಿಕ್ಕದಾಗಿ ವಿಎಂಐ, ಎಂದು ಕರೆಯುತ್ತಾರೆ.

ಸಾಮಾನ್ಯ ಖರೀದಿಯಲ್ಲಿ ಕೊಳ್ಳುವವನೇ ತನ್ನ ಸ್ಟಾಕ್ ಎಣಿಸುತ್ತಾನೆ, ಕಡಿಮೆಯಾಯಿತೆನಿಸಿದಾಗ ಆರ್ಡರ್ ಬರೆಯುತ್ತಾನೆ, ಸರಕು ಬಂದ ಮೇಲೆ ಅದು ಅವನದಾಗುತ್ತದೆ. ವಿಎಂಐ ಪದ್ಧತಿಯಲ್ಲಿ ಆರ್ಡರ್ ಎಂಬ ಮೆಟ್ಟಿಲೇ ಇರುವುದಿಲ್ಲ. ಕೊಳ್ಳುವವನು ತನ್ನಲ್ಲಿ ಎಷ್ಟು ಉಳಿದಿದೆ, ಎಷ್ಟು ಖರ್ಚಾಗಿದೆ ಎಂಬ ಲೆಕ್ಕವನ್ನು ಪೂರೈಕೆದಾರನಿಗೆ ಕಾಣುವಂತೆ ಇಡುತ್ತಾನೆ. ಯಾವಾಗ, ಎಷ್ಟು ಕಳಿಸಬೇಕೆಂದು ಪೂರೈಕೆದಾರನೇ ನಿರ್ಧರಿಸುತ್ತಾನೆ. ಇದರ ಜೊತೆಗೆ ಒಡೆತನವೂ ಪೂರೈಕೆದಾರನಲ್ಲೇ ಉಳಿದು, ಸರಕು ಬಳಕೆಯಾದ ದಿನ ಮಾತ್ರ ಬಿಲ್ ಆಗುವುದಾದರೆ ಅದು ಕನ್‌ಸೈನ್‌ಮೆಂಟ್ ವ್ಯವಸ್ಥೆ. ಇವೆರಡೂ ಒಂದೇ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಒಂದರಲ್ಲಿ ಕೈ ಬದಲಾಗುವುದು ತೀರ್ಮಾನ, ಇನ್ನೊಂದರಲ್ಲಿ ಬದಲಾಗದೆ ಉಳಿಯುವುದು ಒಡೆತನ. ಎರಡೂ ಒಟ್ಟಿಗಿರಬಹುದು, ಬೇರೆಯಾಗಿಯೂ ಇರಬಹುದು.

ತನ್ನ ಗೋದಾಮಿನ ಲೆಕ್ಕವನ್ನು ಬೇರೆಯವರಿಗೆ ತೋರಿಸುವ ಅಗತ್ಯವಾದರೂ ಏನು ಎಂಬ ಪ್ರಶ್ನೆಗೆ ಉತ್ತರ ಆರ್ಡರ್‌ಗಳ ಸ್ವಭಾವದಲ್ಲಿದೆ. ಗೋಣಿಕೊಪ್ಪದ ಒಂದು ಅಂಗಡಿಯನ್ನು ಊಹಿಸಿಕೊಳ್ಳೋಣ. ಮುಂಗಾರಿಗೆ ಮೊದಲು ತೋಟಗಳಿಗೆ ರೋಗ ತಡೆಯುವ ಬೋರ್ಡೊ ದ್ರಾವಣ ಹೊಡೆಯಲು ಮೈಲುತುತ್ತ ಬೇಕಾಗುತ್ತದೆ. ಮೇ ತಿಂಗಳಲ್ಲಿ ವಾರಕ್ಕೆ 10 ಚೀಲ ಹೋಗುತ್ತಿದ್ದಲ್ಲಿ, ಈ ಸಲ ಮಳೆ ಬೇಗ ಹಿಡಿಯುತ್ತದೆಂಬ ಸುದ್ದಿ ಬಂದು 13 ಚೀಲ ಹೋದವು ಎನ್ನಿ. ಅಂಗಡಿಯವರು ಮುಂದಿನ ವಾರಕ್ಕೆ ಮುನ್ನೆಚ್ಚರಿಕೆಯಿಂದ 20 ಚೀಲಕ್ಕೆ ಹೇಳುತ್ತಾರೆ. ಇಂಥದೇ ಕರೆಗಳು ವಿರಾಜಪೇಟೆಯಿಂದ, ಸಿದ್ದಾಪುರದಿಂದ, ಸೋಮವಾರಪೇಟೆಯಿಂದ ಬರುವುದನ್ನು ಕಂಡ ಮೈಸೂರಿನ ವಿತರಕರು ಬೇಡಿಕೆ ಇಮ್ಮಡಿಯಾಗಿದೆಯೆಂದು ಭಾವಿಸಿ, ತಮ್ಮ ಭಯವನ್ನೂ ಸೇರಿಸಿ ತಯಾರಕರಿಗೆ ಮೂರು ಪಟ್ಟು ಬರೆಯುತ್ತಾರೆ. ಸರಕು ಬಂದು ಇಳಿಯುವಷ್ಟರಲ್ಲಿ ಮಳೆ ಹಿಡಿದು ಸಿಂಪಡಣೆ ನಿಂತಿರುತ್ತದೆ. ತೋಟದಲ್ಲಿ ಬೇಡಿಕೆ ಹೆಚ್ಚಿದ್ದು ಮೂರು ಚೀಲ ಮಾತ್ರ. ಉಳಿದದ್ದೆಲ್ಲ ಒಬ್ಬೊಬ್ಬರ ಆತಂಕ ಒಂದರ ಮೇಲೊಂದು ಸೇರಿ ಬೆಳೆದದ್ದು.

ಇದಕ್ಕೆ ಬುಲ್‌ವಿಪ್ ಪರಿಣಾಮ ಎಂಬ ಹೆಸರಿದೆ: ಚಾಟಿಯ ಹಿಡಿಯನ್ನು ತುಸು ಅಲುಗಿಸಿದರೂ ತುದಿ ಬಹಳ ದೂರ ಬೀಸುತ್ತದೆ. ಸರಬರಾಜಿನ ಸರಪಳಿಯಲ್ಲಿ ಏರಿಳಿತ ಹೀಗೆ ಹಿಗ್ಗುವುದನ್ನು ಅಮೆರಿಕದ ಜೇ ಫಾರೆಸ್ಟರ್ 1958ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದರು. 1997ರಲ್ಲಿ ಹಾವ್ ಲೀ, ಪದ್ಮನಾಭನ್ ಮತ್ತು ವಾಂಗ್ ಎಂಬ ಮೂವರು ವಿದ್ವಾಂಸರು ಇದರ ಕಾರಣಗಳನ್ನು ವಿಂಗಡಿಸಿದರು. ಪ್ರತಿಯೊಬ್ಬರೂ ತಮಗೆ ಬಂದ ಆರ್ಡರನ್ನೇ ನಿಜವಾದ ಬೇಡಿಕೆಯೆಂದು ನಂಬಿ ಅಂದಾಜು ತಿದ್ದಿಕೊಳ್ಳುವುದು, ಲಾರಿ ತುಂಬುವವರೆಗೆ ಕಾದು ಒಟ್ಟಿಗೆ ತರಿಸುವುದು, ರಿಯಾಯಿತಿ ಇದ್ದಾಗ ಅಗತ್ಯಕ್ಕಿಂತ ಹೆಚ್ಚು ಕೊಳ್ಳುವುದು, ಕೊರತೆ ಬರುತ್ತದೆಂದು ಹೆದರಿ ಬೇಕಾದ್ದಕ್ಕಿಂತ ಹೆಚ್ಚು ಬರೆಸುವುದು ಅವರ ಪಟ್ಟಿಯಲ್ಲಿದ್ದವು. ಅವರು ಕೊಟ್ಟ ಪ್ರಸಿದ್ಧ ಉದಾಹರಣೆ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಪ್ಯಾಂಪರ್ಸ್ ಡೈಪರ್‌ಗಳದು. ಹಸುಳೆಗಳು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಡೈಪರ್ ಬಳಸುತ್ತವೆ, ಆದರೂ ವಿತರಕರಿಂದ ಬರುವ ಆರ್ಡರ್‌ಗಳು ಮಾತ್ರ ವಿಪರೀತ ಏರಿಳಿಯುತ್ತಿದ್ದವು.

ಅದೇ ಕಂಪನಿ ವಾಲ್‌ಮಾರ್ಟ್ ಜೊತೆ 1980ರ ದಶಕದಲ್ಲಿ ಮಾಡಿಕೊಂಡ ಏರ್ಪಾಡು ವಿಎಂಐ ಪದ್ಧತಿಗೆ ಪ್ರಚಾರ ತಂದುಕೊಟ್ಟಿತು. ವಾಲ್‌ಮಾರ್ಟ್ ತನ್ನ ಮಾರಾಟ ಮತ್ತು ದಾಸ್ತಾನಿನ ಅಂಕಿ ಅಂಶಗಳನ್ನು ತಯಾರಕನಿಗೇ ಕಳಿಸಿತು. ಗೋದಾಮಿಗೆ ಎಷ್ಟು ಡೈಪರ್ ಬರಬೇಕೆಂದು ತಯಾರಕನೇ ನಿರ್ಧರಿಸತೊಡಗಿದನು. ಕೈಗಾರಿಕಾ ಅನಿಲ ಮಾರುವ ಕಂಪನಿಗಳು ಇದಕ್ಕಿಂತ ಮೊದಲೇ ಇದೇ ಕೆಲಸ ಮಾಡುತ್ತಿದ್ದವು ಎಂಬುದನ್ನು ಮಾತ್ರ ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಗ್ರಾಹಕರ ಟ್ಯಾಂಕಿನಲ್ಲಿ ಎಷ್ಟು ದ್ರವ ಉಳಿದಿದೆ ಎಂಬುದನ್ನು ಆಧರಿಸಿ ಟ್ಯಾಂಕರ್‌ಗಳ ದಾರಿ ಮತ್ತು ದಿನವನ್ನು ಕಂಪ್ಯೂಟರ್ ಮೂಲಕ ಗೊತ್ತುಮಾಡುವ ವ್ಯವಸ್ಥೆಯನ್ನು ಏರ್ ಪ್ರಾಡಕ್ಟ್ಸ್ ಕಂಪನಿ 1980ರ ದಶಕದ ಆರಂಭದಲ್ಲೇ ತಂದಿತ್ತು.

ಲೆಕ್ಕ ಹಂಚಿಕೊಂಡರೆ ಎಲ್ಲರಿಗೂ ಲಾಭವೆನ್ನುವುದು ಕಾಗದದ ಮೇಲೆ ಸರಳವಾಗಿ ಕಾಣುತ್ತದೆ. ಆದರೆ ಇಟಲಿಯ ಪಾರ್ಮಾ ನಗರದ ಪಾಸ್ತಾ ತಯಾರಕ ಬಾರಿಲ್ಲಾ ಕಂಪನಿಯ ಅನುಭವ ಬೇರೆ ಕಥೆ ಹೇಳುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ವಾಲ್‌ಮಾರ್ಟ್ ಉದಾಹರಣೆಗಿಂತ ಅದೇ ಹೆಚ್ಚು ಕಲಿಸುತ್ತದೆ. 1980ರ ದಶಕದ ಕೊನೆಯಲ್ಲಿ ಅಲ್ಲಿನ ಸಾಗಣೆ ವಿಭಾಗದವರು, ವಿತರಕರು ಆರ್ಡರ್ ಕಳಿಸುವುದನ್ನು ನಿಲ್ಲಿಸಿ ದಿನದಿನದ ಮಾರಾಟದ ಲೆಕ್ಕ ಕಳಿಸಲಿ, ಎಷ್ಟು ಕಳಿಸಬೇಕೆಂದು ನಾವೇ ನೋಡಿಕೊಳ್ಳುತ್ತೇವೆ ಎಂಬ ಪ್ರಸ್ತಾಪ ಮುಂದಿಟ್ಟರು. ವಿತರಕರು ಒಪ್ಪಲಿಲ್ಲ; ತಮ್ಮ ಗೋದಾಮನ್ನು ತಾವೇ ನಡೆಸಲಾರರೆಂದು ಯಾರಾದರೂ ಹೇಳಿದರೆ ಯಾವ ವ್ಯಾಪಾರಿಗೂ ಹಿಡಿಸದು. ಅದಕ್ಕಿಂತ ಬಲವಾದ ವಿರೋಧ ಬಂದದ್ದು ಕಂಪನಿಯ ಸ್ವಂತ ಮಾರಾಟ ವಿಭಾಗದಿಂದ. ವಿತರಕರ ಗೋದಾಮಿಗೆ ಎಷ್ಟು ಮಾಲು ತುಂಬಿಸಿದರೆ ಅಷ್ಟು ಪ್ರೋತ್ಸಾಹಧನ ಸಿಗುತ್ತಿದ್ದ ಸೇಲ್ಸ್ ಪ್ರತಿನಿಧಿಗಳಿಗೆ, ಗೋದಾಮು ತೆಳ್ಳಗಾಗುವುದೆಂದರೆ ತಮ್ಮ ಆದಾಯ ತೆಳ್ಳಗಾಗುವುದು ಎಂದೇ ಅರ್ಥವಾಗಿತ್ತು. ಕೊನೆಗೆ ಕಂಪನಿ ತನ್ನದೇ ಡಿಪೋಗಳಲ್ಲಿ ಪ್ರಯೋಗ ನಡೆಸಿತು. ಅಲ್ಲಿ ದಾಸ್ತಾನು ಇಳಿದರೂ ಮಾಲು ಇಲ್ಲವೆನ್ನಬೇಕಾದ ಪ್ರಸಂಗಗಳು ಕಡಿಮೆಯಾದದ್ದನ್ನು ತೋರಿಸಿದ ಮೇಲಷ್ಟೇ ಹೊರಗಿನ ವಿತರಕರನ್ನು ಒಲಿಸಿಕೊಳ್ಳಲಾಯಿತು. ತಿಂಗಳ ಕೊನೆಯಲ್ಲಿ ಟಾರ್ಗೆಟ್ ಮುಟ್ಟಿಸಲು ಅಂಗಡಿಗಳಿಗೆ ಮಾಲು ಒತ್ತುವ ಲೈನ್ ಸೇಲ್ಸ್‌ಮನ್‌ಗಳನ್ನು ಮಡಿಕೇರಿಯ ಪೇಟೆಯಲ್ಲಿ ನೋಡಿದವರಿಗೆ ಈ ಇಟಲಿಯ ಜಗಳ ಪರಕೀಯವೆನಿಸದು.

ಸೋತ ಪ್ರಯೋಗಗಳೂ ಇವೆ. ಅಮೆರಿಕದ ದಿನಸಿ ಸಂಸ್ಥೆ ಸ್ಪಾರ್ಟನ್ ಸ್ಟೋರ್ಸ್ ಸುಮಾರು ಒಂದು ವರ್ಷ ನಡೆಸಿ ವಿಎಂಐ ಕೈಬಿಟ್ಟಿತು. ಸಂಸ್ಥೆಯ ಖರೀದಿ ಸಿಬ್ಬಂದಿ ಪೂರೈಕೆದಾರರ ಲೆಕ್ಕವನ್ನು ನಂಬದೆ ಪ್ರತಿಯೊಂದನ್ನೂ ಮತ್ತೆ ಪರಿಶೀಲಿಸುತ್ತಿದ್ದುದರಿಂದ ಅವರ ಕೆಲಸವೇನೂ ಕಡಿಮೆಯಾಗಲಿಲ್ಲ. ರಿಯಾಯಿತಿ ಮಾರಾಟದ ದಿನಗಳಲ್ಲಿ ಏಳುವ ಬೇಡಿಕೆಯನ್ನು ಪೂರೈಕೆದಾರರೂ ಸರಿಯಾಗಿ ಅಂದಾಜಿಸಲಿಲ್ಲ. ತೀರ್ಮಾನವನ್ನು ಹೆಸರಿಗಷ್ಟೇ ಕೊಟ್ಟು, ಮುಂಬರುವ ವಿಷಯಗಳನ್ನು ತಿಳಿಸದೇ ಹೋದರೆ ಹೀಗಾಗುತ್ತದೆ.

ಈಗ ಈ ಪದ್ಧತಿಯ ಒಳಗಿನ ಲೆಕ್ಕವನ್ನು ಒಂದು ಸಣ್ಣ ಉದ್ದಿಮೆಯ ಮೂಲಕ ನೋಡಬಹುದು. ಸುಂಟಿಕೊಪ್ಪದಲ್ಲಿ ಕಾಫಿ ಪುಡಿ ಮಾಡಿ ತನ್ನ ಹೆಸರಿನಲ್ಲಿ ಮಾರುವ ಘಟಕವೊಂದು ಮೈಸೂರಿನಿಂದ 250 ಗ್ರಾಂ ಅಳತೆಯ ಮುದ್ರಿತ ಪೌಚ್‌ಗಳನ್ನು ತರಿಸುತ್ತದೆ ಎಂದುಕೊಳ್ಳೋಣ. ದಿನಕ್ಕೆ 600 ಪೌಚ್ ಖರ್ಚಾಗುತ್ತವೆ. ಹೇಳಿದ ಮೇಲೆ ಬಂದು ತಲುಪಲು 6 ದಿನ ಬೇಕು. ಆಕಸ್ಮಿಕಗಳಿಗೆಂದು ಇನ್ನು 4 ದಿನದ ಖರ್ಚನ್ನು ಮೀಸಲಿಟ್ಟರೆ, 10 ದಿನದ ಖರ್ಚಾದ 6,000 ಪೌಚ್‌ಗಳು ಕನಿಷ್ಠ ಮಟ್ಟವಾಗುತ್ತವೆ. ಅದಕ್ಕಿಂತ ಕೆಳಗೆ ದಾಸ್ತಾನು ಇಳಿಯುವಂತಿಲ್ಲ ಎಂದಲ್ಲ, ಆ ಗೆರೆ ಮುಟ್ಟಿದ ದಿನ ಪೂರೈಕೆದಾರ ಲಾರಿಗೆ ಹೇರಬೇಕು ಎಂದು ಅರ್ಥ. ಒಮ್ಮೆ ಬಂದರೆ 15 ದಿನಕ್ಕೆ ಸಾಲುವಷ್ಟು ಬರಲಿ ಎಂದಾದರೆ ಅದರ ಮೇಲೆ 9,000 ಸೇರಿ 15,000 ಗರಿಷ್ಠ ಮಟ್ಟ. ಈ ಎರಡು ಗೆರೆಗಳ ನಡುವೆ ಯಾವಾಗ ಕಳಿಸಬೇಕು, ಯಾವ ಲಾರಿಯಲ್ಲಿ, ಬೇರೆ ಯಾವ ಗ್ರಾಹಕರ ಮಾಲಿನೊಂದಿಗೆ ಸೇರಿಸಿ ಎಂಬುದೆಲ್ಲ ಪೂರೈಕೆದಾರನಿಗೆ ಬಿಟ್ಟದ್ದು. ಆ ಸ್ವಾತಂತ್ರ್ಯವೇ ಅವನಿಗೆ ಸಿಗುವ ಲಾಭ: ಕುಶಾಲನಗರದ ಮೂವರು ಗ್ರಾಹಕರಿಗೆ ಒಂದೇ ಗಾಡಿ ಕಳಿಸಬಹುದು, ಯಂತ್ರ ಬಿಡುವಿದ್ದಾಗ ಮುದ್ರಿಸಿಟ್ಟುಕೊಳ್ಳಬಹುದು, ಸಂಜೆ ಆರು ಗಂಟೆಗೆ ಬರುವ ಅರ್ಜೆಂಟ್ ಫೋನ್‌ಗಳಿಂದ ತಪ್ಪಿಸಿಕೊಳ್ಳಬಹುದು.

ಪೌಚ್ ಉದಾಹರಣೆಯನ್ನು ಆರಿಸಿದ್ದಕ್ಕೆ ಕಾರಣವಿದೆ. ಬಣ್ಣಬಣ್ಣದ ಮುದ್ರಣಕ್ಕೆ ಬೇಕಾದ ಸಿಲಿಂಡರ್‌ಗಳನ್ನು ಯಂತ್ರಕ್ಕೆ ಕೂರಿಸಿ ಹೊಂದಿಸುವುದಕ್ಕೇ ಸಮಯ ಮತ್ತು ಫಿಲ್ಮ್ ವ್ಯರ್ಥವಾಗುವುದರಿಂದ ಮುದ್ರಕರು ಒಮ್ಮೆಗೇ ಬಹಳಷ್ಟು ಮುದ್ರಿಸಲು ಬಯಸುತ್ತಾರೆ, ಸಣ್ಣ ಘಟಕ ಅಷ್ಟನ್ನು ಒಮ್ಮೆಗೇ ಕೊಳ್ಳಲಾರದು. ಪೂರೈಕೆದಾರ ದೊಡ್ಡ ಪ್ರಮಾಣದಲ್ಲಿ ಮುದ್ರಿಸಿ ತನ್ನಲ್ಲಿಟ್ಟುಕೊಂಡು ಸಣ್ಣ ಕಂತುಗಳಲ್ಲಿ ಕಳಿಸುವುದಾದರೆ ಇಬ್ಬರ ತೊಡಕೂ ನೀಗುತ್ತದೆ. ಆದರೆ ಆ ಪೌಚ್ ಮೇಲೆ ಒಂದು ಘಟಕದ ಹೆಸರಿದೆ. ಅದನ್ನು ಮತ್ತೊಬ್ಬರಿಗೆ ಮಾರುವಂತಿಲ್ಲ. ಚಿಕೋರಿ ಬೆರೆಸಿದ ಕಾಫಿ ಪುಡಿಯಾದರೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂಬ ಶೇಕಡಾವಾರು ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದೂ, ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದೆಂದೂ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. 2024 ಮತ್ತು 2025ರಲ್ಲಿ ಕಾಫಿಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದಂಥ ಹೊತ್ತಿನಲ್ಲಿ ಮಿಶ್ರಣದ ಪ್ರಮಾಣವನ್ನು ಬದಲಿಸಲು ಘಟಕದ ಮಾಲೀಕರು ತೀರ್ಮಾನಿಸಿದರೆ, ಮೈಸೂರಿನ ಗೋದಾಮಿನಲ್ಲಿರುವ ಹಳೆಯ ಪೌಚ್‌ಗಳೆಲ್ಲ ಒಂದೇ ದಿನದಲ್ಲಿ ರದ್ದಿಯಾಗುತ್ತವೆ. ಚಿಲ್ಲರೆ ಬೆಲೆಯನ್ನು ಪೊಟ್ಟಣ ಕಟ್ಟುವಾಗ ಮೊಹರು ಹೊಡೆಯಬಹುದು, ಶೇಕಡಾವಾರು ಪ್ರಮಾಣ ಮೊದಲೇ ಅಚ್ಚಾಗಿರುತ್ತದೆ.

ಆ ರದ್ದಿ ಯಾರ ಲೆಕ್ಕಕ್ಕೆ? ವಿಎಂಐ ಒಪ್ಪಂದಗಳಲ್ಲಿ ಅತಿ ಹೆಚ್ಚು ಜಗಳ ಇದರ ಸುತ್ತ ಹುಟ್ಟುತ್ತದೆ. ತಪ್ಪಾದ ತೀರ್ಮಾನ ಯಾರದೋ ಅದರ ನಷ್ಟವೂ ಅವರದೇ ಆಗಬೇಕು ಎಂಬುದಕ್ಕಿಂತ ನ್ಯಾಯವಾದ ಸೂತ್ರ ನನಗೆ ತೋಚಿಲ್ಲ. ಗರಿಷ್ಠ ಮಟ್ಟ ಮೀರಿ ಕಳಿಸಿದ್ದು ಅಥವಾ ಒಪ್ಪಿದ ಪ್ರಮಾಣ ಮೀರಿ ಮುದ್ರಿಸಿದ್ದು ಪೂರೈಕೆದಾರನ ತೀರ್ಮಾನ, ಅದರ ಹೊರೆ ಅವನದು. ಮಿಶ್ರಣ ಬದಲಿಸಿದ್ದು ಘಟಕದ ತೀರ್ಮಾನ, ಆದ್ದರಿಂದ ಒಪ್ಪಿದ ಮಿತಿಯೊಳಗೆ ಮುದ್ರಿಸಿಟ್ಟ ಅಷ್ಟೂ ಪೌಚ್‌ಗಳ ಬೆಲೆಯನ್ನು ಘಟಕ ಕೊಡಬೇಕು. ಹೀಗಾಗಿ ಎಷ್ಟು ದಿನದ ಖರ್ಚಿಗೆ ಮುದ್ರಿಸಬಹುದು ಎಂಬ ಮಿತಿಯನ್ನು ಮೊದಲೇ ಬರೆದಿಡುವುದು ಇಬ್ಬರಿಗೂ ರಕ್ಷಣೆ.

ದೊಡ್ಡ ಕಂಪನಿಗಳಲ್ಲಿ ಇದೆಲ್ಲ ಯಂತ್ರಗಳ ನಡುವೆ ನಡೆಯುತ್ತದೆ. ಕಾರ್ಖಾನೆಯ ಸಾಫ್ಟ್‌ವೇರ್ ದಿನದ ಬಳಕೆ ಮತ್ತು ಉಳಿಕೆಯನ್ನು ಗೊತ್ತಾದ ನಮೂನೆಯಲ್ಲಿ ಪೂರೈಕೆದಾರನ ಸಾಫ್ಟ್‌ವೇರ್‌ಗೆ ಕಳಿಸುತ್ತದೆ, ಅದು ಅಂದಾಜು ಮಾಡಿ ರವಾನೆಯ ಸೂಚನೆ ಹೊರಡಿಸುತ್ತದೆ, ಸರಕು ಹೊರಟ ಮಾಹಿತಿ ಮುಂಗಡವಾಗಿ ಕೊಳ್ಳುವವನಿಗೆ ತಲುಪುತ್ತದೆ. ಮೊದಲು ಕೆಲವೇ ವಸ್ತುಗಳಿಂದ, ಅದರಲ್ಲೂ ಬೇಡಿಕೆ ಏಕರೀತಿಯಾಗಿರುವ ನಟ್ಟು, ಬೋಲ್ಟು, ರಟ್ಟಿನ ಪೆಟ್ಟಿಗೆ, ಕೈಗವಸುಗಳಂಥ ಅಗ್ಗದ ಸರಕಿನಿಂದ ಆರಂಭಿಸಿ, ಅಂಕಿಗಳು ತಾಳೆಯಾಗುತ್ತವೆಯೇ ಎಂದು ನೋಡಿ, ಬಳಿಕ ವಿಸ್ತರಿಸುವುದು ವಾಡಿಕೆ. ಇಲ್ಲಿ ಒಂದು ಅಪಾಯವನ್ನು ಮರೆಯುವಂತಿಲ್ಲ. ಡೆಲ್ ಕಂಪನಿಗೆ ಬಿಡಿಭಾಗ ಒದಗಿಸುತ್ತಿದ್ದವರು ಅಮೆರಿಕದ ಆಸ್ಟಿನ್ ನಗರದ ಅದರ ಕಾರ್ಖಾನೆಗಳ ಸಮೀಪ ಗೋದಾಮುಗಳಲ್ಲಿ ತಮ್ಮ ಮಾಲು ಇಟ್ಟಿರುತ್ತಿದ್ದರು. ಡೆಲ್ ಬೇಕೆಂದಾಗ ಅಲ್ಲಿಂದ ಎತ್ತಿಕೊಳ್ಳುತ್ತಿತ್ತು. ಡೆಲ್ ಪುಸ್ತಕದಲ್ಲಿ ದಾಸ್ತಾನು ಅತ್ಯಲ್ಪ ಎಂದು ಜಗತ್ತು ಹೊಗಳಿತು. ಆ ದಾಸ್ತಾನು ಕರಗಿರಲಿಲ್ಲ, ಪೂರೈಕೆದಾರರ ಪುಸ್ತಕಕ್ಕೆ ಸರಿದಿತ್ತು, ಅದರ ಬಡ್ಡಿಯನ್ನೂ ಅವರೇ ಹೊರುತ್ತಿದ್ದರು. ಬಲಶಾಲಿಯಾದ ಗ್ರಾಹಕ ವಿಎಂಐ ಎಂಬ ಹೆಸರಿನಲ್ಲಿ ಬಂಡವಾಳದ ಹೊರೆಯನ್ನಷ್ಟೇ ವರ್ಗಾಯಿಸುವ ಸಾಧ್ಯತೆ ಇಂದಿಗೂ ಇದೆ.

ಸಣ್ಣ ಉದ್ದಿಮೆಗಳಿಗೆ ಸಾಫ್ಟ್‌ವೇರ್‌ಗಳನ್ನು ಜೋಡಿಸುವ ಖರ್ಚು ಬೇಕಿಲ್ಲ, ಮತ್ತು ಬೇಕೆಂದು ಹೇಳುವವರನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಬ್ರೆಡ್ ಕಂಪನಿಯ ವ್ಯಾನಿನವರು ಬೆಳಿಗ್ಗೆ ಅಂಗಡಿಯ ರ‍್ಯಾಕ್ ನೋಡಿ, ಅವಧಿ ಮೀರಿದ್ದನ್ನು ವಾಪಸ್ ತೆಗೆದು, ಖಾಲಿಯಾದಷ್ಟನ್ನು ತುಂಬಿ, ಹೋದದ್ದಕ್ಕೆ ಮಾತ್ರ ಹಣ ಪಡೆಯುವುದು ಪೂರ್ಣ ಪ್ರಮಾಣದ ವಿಎಂಐ ಪದ್ಧತಿಯೇ. ವರ್ಕ್‌ಶಾಪ್‌ಗಳಲ್ಲಿ ಎರಡು ಡಬ್ಬಿಗಳ ವಿಧಾನವಿದೆ: ಒಂದೇ ಅಳತೆಯ ಬೋಲ್ಟುಗಳನ್ನು ಎರಡು ಡಬ್ಬಿಗಳಲ್ಲಿಟ್ಟು, ಮುಂದಿನದು ಖಾಲಿಯಾದಾಗ ಹಿಂದಿನದನ್ನು ಎಳೆದುಕೊಂಡು, ಖಾಲಿ ಡಬ್ಬಿಯನ್ನು ಪೂರೈಕೆದಾರನ ಕಣ್ಣಿಗೆ ಬೀಳುವ ಕಡೆ ಇಡುವುದು. ದೂರದವರಾದರೆ ಪ್ರತಿ ಸೋಮವಾರ ಕಪಾಟಿನ ಫೋಟೋವನ್ನು ವಾಟ್ಸ್‌ಆ್ಯಪ್ ಮೂಲಕ ಕಳಿಸಿದರೂ ಸಾಕು. ಬೇಕಾಗಿರುವುದು ನಿಯಮಿತವಾದ, ನಂಬಬಹುದಾದ ಎಣಿಕೆ. ಪುಸ್ತಕದಲ್ಲಿ 40 ಇದ್ದು ಕಪಾಟಿನಲ್ಲಿ 25 ಇರುವ ಜಾಗದಲ್ಲಿ ಯಾವ ಪದ್ಧತಿಯೂ ನಡೆಯದು.

ಮಾಹಿತಿಯೊಂದೇ ಇದ್ದರೂ ಸಾಲದು ಎಂಬುದಕ್ಕೆ ನಮ್ಮ ಗೊಬ್ಬರದ ಅಂಗಡಿಗಳೇ ಸಾಕ್ಷಿ. 2018ರಿಂದ ದೇಶದಾದ್ಯಂತ ಸಬ್ಸಿಡಿ ಗೊಬ್ಬರವನ್ನು ಪಿಒಎಸ್ ಯಂತ್ರದ (ಅಂಗಡಿಯಲ್ಲೇ ಪ್ರತಿ ಮಾರಾಟವನ್ನು ದಾಖಲಿಸುವ ಯಂತ್ರದ) ಮೂಲಕವೇ ಮಾರಬೇಕಾಗಿದೆ. ರೈತರಿಗೆ ಮಾರಾಟವಾದ ಲೆಕ್ಕದ ಮೇಲೆ ಕಂಪನಿಗೆ ಸಬ್ಸಿಡಿ ಸಲ್ಲುತ್ತದೆ. ಅಂದರೆ ಪೊನ್ನಂಪೇಟೆಯ ಸಹಕಾರ ಸಂಘದಲ್ಲಿ ಯೂರಿಯಾ ಎಷ್ಟು ಚೀಲ ಉಳಿದಿದೆ ಎಂಬುದು ಆ ವ್ಯವಸ್ಥೆಯೊಳಗೆ ದಾಖಲಾಗಿರುತ್ತದೆ. ವಿಎಂಐ ಪದ್ಧತಿಗೆ ಬೇಕಾದ ಅರ್ಧ ಭಾಗ ಅಲ್ಲಿ ಆಗಲೇ ಸಿದ್ಧವಿದೆ. ಇನ್ನರ್ಧ, ಅಂದರೆ ಅಂಗಡಿಯಲ್ಲಿ ಮಾಲು ಖಾಲಿಯಾಗದಂತೆ ನೋಡಿಕೊಳ್ಳುವ ಹೊಣೆ ಇಂಥವರದು ಎಂಬ ಒಪ್ಪಂದ, ಇಲ್ಲ. ಆದ್ದರಿಂದ ಅಂಕಿ ಪರದೆಯ ಮೇಲೆ ಕಾಣುತ್ತಿದ್ದರೂ ಅಂಗಡಿಯ ಮುಂದೆ ಸಾಲು ನಿಲ್ಲಬಹುದು.

ಕೊಡಗಿನ ಮಟ್ಟಿಗೆ ಇನ್ನೊಂದು ತೊಡಕು ಮಳೆ. ಜಿಲ್ಲೆಗೆ ರೈಲು ಮಾರ್ಗವಿಲ್ಲ, ಸರಕೆಲ್ಲ ರಸ್ತೆಯ ಮೂಲಕವೇ ಬರಬೇಕು. 2018ರ ಆಗಸ್ಟ್ ತಿಂಗಳ ಭೂಕುಸಿತದಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಮುಚ್ಚಿತು. 2018 ಮತ್ತು 2019ರಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿತು. ಮಳೆ ಜೋರಾದ ವರ್ಷಗಳಲ್ಲಿ ಭಾರೀ ಸರಕು ವಾಹನಗಳ ಸಂಚಾರಕ್ಕೆ ಜಿಲ್ಲಾಡಳಿತ ನಿರ್ಬಂಧ ಹೇರುವುದೂ ಉಂಟು. ಜೂನ್ ಬರುವ ಮೊದಲೇ ಅಕ್ಕಿ, ಸೌದೆ, ದಿನಸಿ ಕೂಡಿಟ್ಟುಕೊಳ್ಳುವ ಇಲ್ಲಿನ ಹಳೆಯ ರೂಢಿಗೂ, ಗೋದಾಮನ್ನು ತೆಳ್ಳಗಿಡಬೇಕೆನ್ನುವ ಆಧುನಿಕ ಉಪದೇಶಕ್ಕೂ ನೇರ ವಿರೋಧವಿದೆ. ಸತ್ಯವಾಗಿ ಹೇಳುವುದಾದರೆ ಈ ವಿಷಯದಲ್ಲಿ ರೂಢಿಯೇ ಹೆಚ್ಚು ವಿವೇಕದ್ದು, ಏಕೆಂದರೆ ಕನಿಷ್ಠ ಮಟ್ಟವೆಂಬುದು ಸರಕು ತಲುಪುವ ದಿನಗಳ ಮೇಲೆ ನಿಂತಿದೆ. ಸುಂಟಿಕೊಪ್ಪದ ಘಟಕವನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆಯಾಗಿ ದಿನದ ಖರ್ಚು 500 ಪೌಚ್‌ಗೆ ಇಳಿದರೂ, ತಲುಪಲು 10 ದಿನ, ಆಕಸ್ಮಿಕಕ್ಕೆ 8 ದಿನ ಎಂದು ಲೆಕ್ಕ ಹಾಕಿದರೆ ಕನಿಷ್ಠ ಮಟ್ಟ 6,000ದಿಂದ 9,000ಕ್ಕೆ ಏರುತ್ತದೆ, ಗರಿಷ್ಠ 16,500 ಆಗುತ್ತದೆ. ಬಳಕೆ ಇಳಿದಿದೆ, ಇರಬೇಕಾದ ದಾಸ್ತಾನು ಏರಿದೆ. ಮಾರಾಟದ ಅಂಕಿ ಮಾತ್ರ ನೋಡುವ ಮೈಸೂರಿನ ಅಥವಾ ಬೆಂಗಳೂರಿನ ಪೂರೈಕೆದಾರನ ಸಾಫ್ಟ್‌ವೇರ್ ಇದಕ್ಕೆ ವಿರುದ್ಧವಾಗಿ ರವಾನೆ ತಗ್ಗಿಸುತ್ತದೆ. ಆದ್ದರಿಂದ ಎಷ್ಟು ಕಳಿಸಬೇಕೆಂಬುದನ್ನು ಪೂರೈಕೆದಾರನಿಗೆ ಬಿಟ್ಟರೂ ಕನಿಷ್ಠ ಮಟ್ಟವನ್ನು ಗೊತ್ತುಮಾಡುವ ಹಕ್ಕನ್ನು ಕೊಡಗಿನ ಉದ್ದಿಮೆದಾರರು ತಮ್ಮಲ್ಲೇ ಇರಿಸಿಕೊಳ್ಳಬೇಕು, ಮತ್ತು ಮೇ ತಿಂಗಳ ಕೊನೆಗೆ ಒಂದು, ಅಕ್ಟೋಬರ್‌ಗೆ ಒಂದು ಹೀಗೆ ಎರಡು ಪಟ್ಟಿಗಳನ್ನು ಒಪ್ಪಂದಕ್ಕೆ ಲಗತ್ತಿಸಬೇಕು. ತಲಕಾವೇರಿ ತೀರ್ಥೋದ್ಭವ, ದಸರಾ ಮತ್ತು ಡಿಸೆಂಬರ್ ರಜೆಯ ಬೇಡಿಕೆಯನ್ನೂ ಮುಂಚಿತವಾಗಿ ತಿಳಿಸದಿದ್ದರೆ ಸ್ಪಾರ್ಟನ್ ಸ್ಟೋರ್ಸ್ ಕಥೆ ಮರುಕಳಿಸುತ್ತದೆ. ಕರೆಂಟು ಮತ್ತು ನೆಟ್‌ವರ್ಕ್ ದಿನಗಟ್ಟಲೆ ಹೋಗುವ ಊರುಗಳಲ್ಲಿ, ಎಣಿಕೆಯ ವರದಿ ಬಾರದಿದ್ದರೆ ದಾಸ್ತಾನು ತುಂಬಿದೆ ಎಂದು ಭಾವಿಸದೆ, ಹಿಂದಿನ ವಾರಗಳ ಸರಾಸರಿಯಂತೆ ಖರ್ಚಾಗಿದೆ ಎಂದೇ ಹಿಡಿಯಬೇಕೆಂಬ ಷರತ್ತೂ ಇರಬೇಕು.

ಲೆಕ್ಕಪತ್ರದ ಕಡೆ ಕೆಲವು ಅಂಶಗಳು ಉಳಿದಿವೆ. ಒಡೆತನ ಪೂರೈಕೆದಾರನಲ್ಲೇ ಉಳಿದು, ಒಪ್ಪಿಗೆಯಾದರೆ ಮಾರಾಟ ಇಲ್ಲವಾದರೆ ವಾಪಸ್ ಎಂಬ ಷರತ್ತಿನ ಮೇಲೆ ಸರಕು ಬಂದಿದ್ದರೆ ಅದು ಬಿಲ್ ಬದಲು ಡೆಲಿವರಿ ಚಲನ್ ಎಂಬ ಸಾಗಣೆ ಪತ್ರದ ಮೇಲೆ ಬರುತ್ತದೆ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಮಾರಾಟ ಖಚಿತವಾದಾಗ ಅಥವಾ ಸರಕು ಹೊರಟು ಆರು ತಿಂಗಳಾದಾಗ, ಯಾವುದು ಮೊದಲೋ ಆಗ, ಬಿಲ್ ಆಗಲೇಬೇಕು. ನಿಧಾನವಾಗಿ ಹೋಗುವ ಬಿಡಿಭಾಗಗಳಿಗೆ ಈ ಆರು ತಿಂಗಳು ಬೇಗ ಬಂದುಬಿಡುತ್ತದೆ. ಪೂರೈಕೆದಾರ ನೋಂದಾಯಿತ ಕಿರು ಅಥವಾ ಸಣ್ಣ ಉದ್ದಿಮೆಯಾಗಿದ್ದರೆ, 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ಸರಕು ಅಂಗೀಕಾರವಾದ ಮೇಲೆ ಪಾವತಿ ಗರಿಷ್ಠ 45 ದಿನಗಳೊಳಗೆ ಆಗಬೇಕು. ಅಂಗೀಕಾರವೆಂದರೆ ಗೋದಾಮಿಗೆ ಇಳಿದ ದಿನವೋ, ಬಳಕೆಗೆ ತೆಗೆದ ದಿನವೋ ಎಂಬುದನ್ನು ಒಪ್ಪಂದದಲ್ಲಿ ಬರೆಯದಿದ್ದರೆ ಮುಂದೆ ಲೆಕ್ಕಪರಿಶೋಧಕರ ಮುಂದೆ ವಾದಿಸಬೇಕಾಗುತ್ತದೆ. ಗೋದಾಮಿಗೆ ನೀರು ನುಗ್ಗಿದರೆ ಪರರ ಸರಕಿಗೂ ವಿಮೆ ಅನ್ವಯಿಸುತ್ತದೆಯೇ ಎಂಬುದನ್ನೂ ವಿಮಾ ಪತ್ರದಲ್ಲಿ ಓದಿ ನೋಡಬೇಕು. ತನ್ನ ಹೆಸರಿನ ದಾಸ್ತಾನಿಗೆ ಮಾತ್ರ ವಿಮೆ ಮಾಡಿಸಿದ್ದರೆ ಪರಿಹಾರ ಸಿಗುವುದು ಕಷ್ಟ.

ಒಪ್ಪಂದ ಮುರಿಯುವ ದಿನದ ಬಗ್ಗೆಯೂ ಆರಂಭದಲ್ಲೇ ಬರೆಯುವುದು ಒಳ್ಳೆಯದು. ಆರ್ಡರ್ ಹಾಕುವ ಕೆಲಸವನ್ನು ವರ್ಷಗಟ್ಟಲೆ ಬೇರೆಯವರಿಗೆ ಬಿಟ್ಟ ಘಟಕದಲ್ಲಿ ಆ ಲೆಕ್ಕ ಗೊತ್ತಿರುವವರೇ ಉಳಿದಿರುವುದಿಲ್ಲ, ಹೊಸ ಪೂರೈಕೆದಾರನನ್ನು ಹುಡುಕಿ ಸಿಲಿಂಡರ್ ಮಾಡಿಸುವುದಕ್ಕೂ ವಾರಗಳು ಹಿಡಿಯುತ್ತವೆ. ಆದ್ದರಿಂದ ಬಳಕೆಯ ಅಂಕಿ ಅಂಶಗಳ ಒಂದು ಪ್ರತಿ ಘಟಕದಲ್ಲೂ ಇರಬೇಕು, ಸಿಲಿಂಡರ್‌ಗಳು ಯಾರ ಸ್ವತ್ತೆಂದು ಹೆಸರಿಸಬೇಕು, ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಾರಿಗೆ ಬರುವಂತೆ ಇಬ್ಬರಲ್ಲಿ ಯಾರೂ ಒಪ್ಪಂದ ಕೊನೆಗೊಳಿಸುವ ನೋಟಿಸ್ ಕೊಡುವಂತಿಲ್ಲ ಎಂಬ ಷರತ್ತನ್ನು ಸೇರಿಸಬೇಕು.